ಫ್ಯಾನ್ ತಿರಗತಾವ, ಮಷೀನ ಮಾತಾಡವಲ್ದು: ಗುಜರಿಯಿಂದ ಬಂದ ಪಿಡಿಪಿ-11 ಮನ್ಯಾಗ ರಿಪೇರಿ

ಪ್ರಶ್ನೆ: ಸರ, ನಾನು ಬೆಟಗೇರಿಯಾಗ ಮೋಟರ್ ರೀವೈಂಡಿಂಗ್ ಅಂಗಡಿ ನಡಸ್ತೀನಿ. ಎರಡ ತಿಂಗಳ ಹಿಂದ ಒಂದು ಗುಜರಿ ಲಾಟ್‌ನಾಗ ಡಿಜಿಟಲ್ ಕಂಪನಿದು ಮೈಕ್ರೋ ಪಿಡಿಪಿ-11/23 ಅನ್ನೂ ಹಳೇ ಕಂಪ್ಯೂಟರ್ ಬಂತು, ಮುರದು ಹಾಕಾಕ ಮನಸ್ಸ ಬರಲಿಲ್ಲ, ಮನಿಗೆ ತಂದೆ. ಆನ್ ಮಾಡಿದ್ರ ಫ್ಯಾನ್ ತಿರಗತಾವ, ಮುಂದಿನ ಡಿಸಿ ಓಕೆ ಲೈಟ್ ಒಮ್ಮೆ ಹತ್ತತೈತಿ ಒಮ್ಮೆ ಇಲ್ಲ, ಲ್ಯಾಪ್‌ಟಾಪ್ ಜೋಡಿಸಿದ್ರ ಸ್ಕ್ರೀನ್ ಮ್ಯಾಲೆ ಏನೂ ಬರಂಗಿಲ್ಲ. ಮಳಿ ಹತ್ತಿದ ಮ್ಯಾಲೆ ಇನ್ನೂ ಹಾಳಾಗೈತಿ. ನನ್ನ ಕಡೆ ಮಲ್ಟಿಮೀಟರ್, ಕ್ಲಾಂಪ್ ಮೀಟರ್, ಮೆಗ್ಗರ್ ಅದಾವ, ಕರೆಂಟಿನ ಅಲೆ ತೋರಸೂ ಸ್ಕೋಪ್ ಇಲ್ಲ. ಬಾಡಿಗೆ ಮೆಗ್ಗರ್ ಹಚ್ಚಿ ನೋಡಬೇಕಂತ ಮಾಡೀನಿ. ಎಲ್ಲಾ ಐಸಿ ಬದಲ ಮಾಡಬೇಕೇನ್ರಿ?

ಉತ್ತರ: ಮದಲ ಆ ಮೆಗ್ಗರ್ ತಗದು ಕಪಾಟಿನ್ಯಾಗ ಇಟ್ಟ ಬರ್ರಿ. ಖರೇನ ಹೇಳತೀನಿ, ಇದನ್ನ ಓದೂದು ನಿಲ್ಲಿಸಿ ಎದ್ದು ಹೋಗಿ ಇಟ್ಟ ಬರ್ರಿ. ವೈಂಡಿಂಗಿಗೂ ಬಾಡಿಗೂ ನಡುವ 500 ವೋಲ್ಟ್ ಬಿಟ್ಟು ಇನ್ಸುಲೇಶನ್ ನೋಡೂದು ನಿಮ್ಮ ಕೈಗೆ ಹತ್ತಿದ ರೂಢಿ, ಮೋಟರಿಗೆ ಅದು ಸರಿ, ಆದ್ರ ಈ ಬೋರ್ಡಿನ ಮ್ಯಾಲಿನ ಟಿಟಿಎಲ್ ಜಾತಿಯ ಐಸಿಗೋಳು 5 ವೋಲ್ಟಿನ ಮ್ಯಾಲೆ ಬದುಕೂ ಪ್ರಾಣಿ, 7 ವೋಲ್ಟ್ ದಾಟಿದ್ರ ಮುಗೀತು. ಒಂದ ಸಲ ಮೆಗ್ಗರ್ ಹ್ಯಾಂಡಲ್ ತಿರುವಿದ್ರಿ ಅಂದ್ರ ನಲವತ್ತ ವರ್ಷ ಉಳಕೊಂಡ ಬಂದದ್ದನ್ನ ನಾವ ಕೈಯಾರೆ ಕೊಂದಂಗ.

ಐಸಿ ಬದಲ ಮಾಡೂದು? ಈಗ ಒಂದೂ ಬ್ಯಾಡ. ನೀವು ಬರದ ಲಕ್ಷಣ ನೋಡಿದ್ರ ನನಗ ಅನಸೂದು ಹತ್ತಕ್ಕ ಎಂಟ ಪಾಲು ಪವರ್ ಸಪ್ಲೈ ಇಲ್ಲಾ ಅದರ ದಾರ್ಯಾಗಿನ ಯಾವದರ ಜೋಡಣಿ. ಡಿಸಿ ಓಕೆ ಲೈಟ್ ಹೊಯ್ದಾಡಾಕ ಹತ್ತೈತಿ ಅಂದ್ರ ಮಷೀನ ತಾನ ಬಾಯಿ ಬಿಟ್ಟು ಹೇಳಾಕ ಹತ್ತೈತಿ, ನನಗ ಊಟ ಸರಿಯಾಗಿ ಸಿಗವಲ್ದು ಅಂತ. ಫ್ಯಾನ್ ತಿರಗತಾವ ಅಂತ ನೀವು ಸಮಾಧಾನ ಪಡಬ್ಯಾಡ್ರಿ, ಫ್ಯಾನ್ ತಿರಗಿದ್ರ 5 ವೋಲ್ಟ್ ಲೈನ್ ಚೊಲೋ ಐತಿ ಅಂತ ಅರ್ಥ ಅಲ್ಲ.

ಇದು ಎಂಥಾ ಮಷೀನ ಅನ್ನೂದು ಎರಡ ಮಾತಿನಾಗ ಹೇಳಿಬಿಡತೀನಿ. ಪಿಡಿಪಿ-11 ಅನ್ನೂ ಮನೆತನ ಸುರು ಆಗಿದ್ದು 1970ರಾಗ, ಅಮೆರಿಕಾದ ಮೆಸಾಚುಸೆಟ್ಸ್‌ನ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ ಮಾಡಿದ್ದು, 16 ಬಿಟ್. ಯುನಿಕ್ಸ್ ಅನ್ನೂ ಆಪರೇಟಿಂಗ್ ಸಿಸ್ಟಮ್ ಬೆಳದದ್ದು, ಸಿ ಭಾಷೆ ಆಕಾರಕ್ಕ ಬಂದದ್ದು ಇದರ ಅಣ್ಣನಂಥಾ ಮಷೀನಿನ ಮ್ಯಾಲೆನ. ಆ ಕಂಪನಿನ್ನ 1998ರಾಗ ಕಾಂಪ್ಯಾಕ್ ಕೊಂಡಕೊಂಡಿತು, ಹಂಗಾಗಿ ಸರ್ವಿಸ್ ಸೆಂಟರ್ ಹುಡುಕೂ ಮಾತ ಇಲ್ಲ, ಇರೋದು ನಾನು ನೀವು ಮತ್ತ ಸ್ಕ್ಯಾನ್ ಆಗಿರೋ ಮ್ಯಾನುಯಲ್. ಮ್ಯಾನುಯಲ್ ಮಾತ್ರ ಭರಪೂರ ಅದಾವ, ಬಿಟ್‌ಸೇವರ್ಸ್ ಅನ್ನೂ ಸೈಟಿನ್ಯಾಗ ಸರ್ಕೀಟ್ ಡಯಾಗ್ರಾಮ್ ಸಮೇತ ಪುಕ್ಕಟ ಸಿಗತಾವ. ಈಗಿನ ಯಾವ ಟಿವಿ ಕಂಪನಿ ಹಂಗ ಡಯಾಗ್ರಾಮ್ ಕೊಡತೈತಿ ಹೇಳ್ರಿ.

ಈಗ ಕೆಲಸಕ್ಕ ಬರೂಣು. ಪ್ಲಗ್ ತಗೀರಿ. ಸ್ವಿಚ್ ಆಫ್ ಮಾಡಿದ್ರ ಸಾಲಂಗಿಲ್ಲ, ಪ್ಲಗ್ ಕೈಯಾಗ ಹಿಡಕೊಂಡು ನೋಡ್ರಿ. ಆಮ್ಯಾಲೆ ಹಿಂದಿನ ವೋಲ್ಟೇಜ್ ಸೆಲೆಕ್ಟ್ ಸ್ವಿಚ್ ಎಲ್ಲಿ ಐತಿ ನೋಡ್ರಿ. ಅದು 115ರ ಕಡೆ ಇದ್ದು ನೀವು ನಮ್ಮ 230 ಕೊಟ್ರಿ ಅಂದ್ರ ಒಳಗಿನ ಸಪ್ಲೈ ಅದನ್ನ ಡಬಲ್ ಮಾಡಾಕ ಹೋಗತೈತಿ, 325 ಇರಬೇಕಾದ ಜಾಗಾದಾಗ 650 ವೋಲ್ಟ್ ಡಿಸಿ ಏರತೈತಿ, ದೊಡ್ಡ ಕೆಪಾಸಿಟರ್ ಪಟಾಕ್ಷಿ ಹೊಡದಂಗ ಹೊಡೀತಾವ. ನಿಮ್ಮದು ಫ್ಯಾನ್ ತಿರಗಿದ್ದು ನೋಡಿದ್ರ 230ಕ್ಕನ ಇದ್ದಿರಬೇಕು, ಆದ್ರೂ ಕಣ್ಣಿಂದ ನೋಡಿ ಖಾತ್ರಿ ಮಾಡಕೋರಿ, ಗುಜರಿಯವರ ಮಕ್ಕಳು ಆಟಕ್ಕ ಸ್ವಿಚ್ ಸರಸಿರತಾವ.

ಸಪ್ಲೈ ಬಿಚ್ಚಿದ ಮ್ಯಾಲೆ ಒಂದ ನಿಮಿಷ ಕೈ ಕಟಕೊಂಡ ಕೂಡ್ರಿ. ಮೇನ್ಸ್ ಬದಿಯ ಆ ಎರಡ ದಪ್ಪ ಕೆಪಾಸಿಟರ್‌ನಾಗ 325 ವೋಲ್ಟ್ ಉಳದಿರತೈತಿ, ಪ್ಲಗ್ ತಗದ ಮ್ಯಾಲೂ. ನೀವು ಮೋಟರಿನ ಸ್ಟಾರ್ಟ್ ಕೆಪಾಸಿಟರನ್ನ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಟಪ್ ಅನಸ್ತೀರಿ ಅನ್ನೂದು ನನಗ ಗೊತ್ತೈತಿ, ಇಲ್ಲಿ ಆ ಆಟ ಬ್ಯಾಡ. 10 ಕಿಲೋ ಓಮ್ 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಒಂದಕ್ಕ ಇನ್ಸುಲೇಟೆಡ್ ಕ್ಲಿಪ್ ಹಚ್ಚಿ ಒಂದ ನಿಮಿಷ ಹಿಡೀರಿ, ಆಮ್ಯಾಲೆ ಮೀಟರಿನ್ಯಾಗ ಸೊನ್ನೆ ಬಂತೇನ ನೋಡಿ ಕೈ ಹಾಕ್ರಿ. ಒಬ್ಬರ ಇರೋ ಹೊತ್ತಿನ್ಯಾಗ ಈ ಕೆಲಸ ಮಾಡಬ್ಯಾಡ್ರಿ, ಮನ್ಯಾಗ ಯಾರರ ಎಚ್ಚರ ಇರಲಿ.

ಒಳಗ ನಿಮಗ ಏನ ಕಾಣತೈತಿ ಅಂತ ನಾ ಇಲ್ಲೇ ಕುಂತ ಹೇಳತೀನಿ: ಹತ್ತಿ ಅರಳಿ. ಗದಗ, ಹುಬ್ಬಳ್ಳಿ ಕಡೆ ಜಿನ್ನಿಂಗ್ ಮಿಲ್ ಇರೋ ಊರಾಗ ಬಾಳಿದ ಮಷೀನ ಅಂದ್ರ ಫ್ಯಾನ್ ಹಿಂದ ಬೂದು ಬಣ್ಣದ ಗಾದಿ ಹಾಸಿದಂಗ ಅರಳಿ ಕೂತಿರತೈತಿ, ಅದರಾಗ ಎರಿ ಮಣ್ಣಿನ ಧೂಳು ಸೇರಿರತೈತಿ. ಬ್ಯಾಸಗ್ಯಾಗ ಅದು ಸುಮ್ನ ಇರತೈತಿ, ಮಳಿಗಾಲದಾಗ ನೀರ ಹೀರಕೊಂಡು ಕರೆಂಟ್ ಸೋರಾಕ ದಾರಿ ಆಗತೈತಿ. ಮಳಿ ಹತ್ತಿದ ಮ್ಯಾಲೆ ಇನ್ನೂ ಹಾಳಾತು ಅಂದ್ರಲ್ಲ, ಅದಕ್ಕ ಒಂದ ಕಾರಣ ಇದು. ಒಣಾ ಪೇಂಟ್ ಬ್ರಶ್ಶಿಂದ ಬಿಡಿಸಿ ವ್ಯಾಕ್ಯೂಮ್‌ನಿಂದ ಎಳಕೋರಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಹಿಡಿಯೂದು ಬ್ಯಾಡ, ಅದರ ಗಾಳಿಯಾಗ ನೀರು ಎಣ್ಣಿ ಎರಡೂ ಇರತಾವ.

ಎರಡನೇ ಕಾರಣ ಮೇನ್ಸ್ ಒಳಗ ಬರೋ ಜಾಗಾದಾಗ ಹುಡುಕ್ರಿ. ಅರೆಪಾರದರ್ಶಕ ಹಳದಿ ಬಣ್ಣದ ಚೌಕ ಕೆಪಾಸಿಟರ್, ಮ್ಯಾಲೆ ರೀಫಾ ಅಂತ ಬರದಿದ್ರ, ಮೈಮ್ಯಾಲೆ ಸಣ್ಣ ಸಣ್ಣ ಸೀಳು ಬಿಟ್ಟಿದ್ರ, ಅದನ್ನ ಟೆಸ್ಟ್ ಮಾಡೂದ ಬ್ಯಾಡ, ಕಿತ್ತ ಒಗೀರಿ. ಒಳಗ ಕಾಗದ ಇರತೈತಿ, ಆ ಸೀಳಿನಿಂದ ಹವಾದ ತೇವ ಎಳಕೊಂಡು ಒಂದ ದಿನ ಢಮ್ ಅಂತೈತಿ, ಆ ಹೊಗಿ ವಾಸನಿ ಪರದಾದಾಗ ಎಂಟ ದಿನ ಹೋಗಂಗಿಲ್ಲ. ನನ್ನ ಮನ್ಯಾಗ ಒಂದ ಸಲ ಆತು, ಶ್ರಾವಣ ಸೋಮವಾರ, ದೇವರ ಮನಿಗೂ ನನ್ನ ಟೇಬಲ್ಲಿಗೂ ನಡುವ ಒಂದ ಗೋಡಿ, ಅವತ್ತಿನಿಂದ ನನಗ ಹಿತ್ತಲ ಖೋಲಿ ಗಟ್ಟಿ ಆತು. ಹೊಸಾದು ಹಾಕೂ ಮುಂದ ಎಕ್ಸ್2 ಅಂತ ಗುರ್ತು ಇರೋದು, 275 ವೋಲ್ಟ್ ಎಸಿ ರೇಟಿಂಗಿಂದ ಹಾಕ್ರಿ. ಫ್ಯಾನಿನ ಕೆಪಾಸಿಟರ್ ಕೈಯಾಗ ಐತಿ ಅಂತ ಅದನ್ನ ಹಾಕಬ್ಯಾಡ್ರಿ, ಮೇನ್ಸ್ ಅಡ್ಡ ಕೂಡ್ರೋದಕ್ಕ ಬ್ಯಾರೆ ಜಾತಿ ಬೇಕು.

ಆಮ್ಯಾಲೆ ಡಿಸಿ ಬದಿಯ ಎಲೆಕ್ಟ್ರೋಲಿಟಿಕ್. ತಲಿ ಉಬ್ಬಿದ್ದು, ಬುಡಕ ಕಂದು ಅಂಟು ಸೋರಿದ್ದು ಇದ್ರ ಬದಲ ಮಾಡ್ರಿ, 105 ಡಿಗ್ರಿ, ಕಡಿಮಿ ಇಎಸ್ಆರ್ (ಒಳಗಿನ ರೆಸಿಸ್ಟನ್ಸ್) ಅಂತ ಕೇಳಿ ತಗೋರಿ. ಎಲ್ಲಾ ಒಮ್ಮೆಲೆ ಬದಲ ಮಾಡಿಬಿಡೋರು ಅದಾರ, ನಾ ಅದಕ್ಕ ಒಪ್ಪಂಗಿಲ್ಲ, ಇಪ್ಪತ್ತ ಕೆಪಾಸಿಟರ್ ಬದಲ ಮಾಡೂ ಮುಂದ ಒಂದರ ಪ್ಲಸ್ ಮೈನಸ್ ಉಲ್ಟಾ ಆತಂದ್ರ ಇದ್ದ ರೋಗದ ಜೋಡಿ ಹೊಸಾ ರೋಗ ತಂದಕೊಂಡಂಗ, ಆಮ್ಯಾಲೆ ಯಾವದು ಯಾವದರಿಂದ ಅಂತ ತಿಳೀದಂಗ ಆಗತೈತಿ.

ಈಗ ಮುಖ್ಯ ಮಾತು. ಸಪ್ಲೈನ್ನ ಬೋರ್ಡುಗಳಿಂದ ಬಿಡಿಸಿ ಒಂಟಿಯಾಗಿ ಟೆಸ್ಟ್ ಮಾಡ್ರಿ. ಆದ್ರ ಈ ಸ್ವಿಚಿಂಗ್ ಸಪ್ಲೈ ಬರಿಗೈಲೆ ನಡ್ಯಂಗಿಲ್ಲ, ಏನರ ಲೋಡ್ ಬೇಕು, ಇಲ್ಲಾಂದ್ರ ವೋಲ್ಟೇಜ್ ಸುಳ್ಳ ತೋರಸತೈತಿ. ಮಂದಿ ಇಲ್ಲಿ ದೊಡ್ಡ ರೆಸಿಸ್ಟರ್ ಹುಡಕ್ಕೋತ ಬೆಂಗಳೂರ ಎಸ್ಪಿ ರೋಡ್ ತನಕ ಹೋಗತಾರ, ನಿಮಗ ಅದೂ ಬ್ಯಾಡ. ನಿಮ್ಮ ಅಂಗಡ್ಯಾಗ 22 ಗೇಜಿನ ವೈಂಡಿಂಗ್ ವೈರ್ ಐತೆಲ್ಲ, 23 ಮೀಟರ್ ಅಳದ ಕತ್ತರಸ್ರಿ, ಸರಿಸುಮಾರ ಒಂದ ಓಮ್ ಆಗತೈತಿ. 5 ವೋಲ್ಟಿಗೆ ಹಚ್ಚಿದ್ರ 5 ಆಂಪಿಯರ್, 25 ವ್ಯಾಟ್. ನಡುವ ಮಡಚಿ ಜೋಡಿ ಎಳಿ ಮಾಡಿ ಕಟ್ಟಿಗಿ ಹಲಗಿಗೆ ಸಡಲಾಗಿ ಸುತ್ರಿ, ಉಂಡಿ ಮಾಡಬ್ಯಾಡ್ರಿ, ಉಂಡಿ ಮಾಡಿದ್ರ ನಡುವಿಂದು ಸುಡತೈತಿ. 12 ವೋಲ್ಟ್ ಲೈನಿಗೆ ಬೈಕಿನ ಹೆಡ್‌ಲೈಟ್ ಬಲ್ಬ್ 35 ವ್ಯಾಟಿಂದು ಸಾಕು. ಮೇನ್ಸ್ ಬದಿ ಮದಲನೇ ಸಲ ಸೀರೀಸ್ ಬಲ್ಬ್ ಬೋರ್ಡ್ ಹಾಕಿ ಆನ್ ಮಾಡ್ರಿ, ನೀವು ದಿನಾ ಮಾಡೂ ಕೆಲಸನ ಅದು: ಬಲ್ಬ್ ಒಮ್ಮೆ ಪಕ್ಕನ ಹತ್ತಿ ಮಂಕ ಆದ್ರ ಶಾರ್ಟ್ ಇಲ್ಲ, ನಿಗಿನಿಗಿ ಹತ್ತಿ ಹಂಗ ನಿಂತ್ರ ಆಫ್ ಮಾಡ್ರಿ. ಶಾರ್ಟ್ ಇಲ್ಲ ಅಂತ ಖಾತ್ರಿ ಆದ ಮ್ಯಾಲೆ ಬಲ್ಬ್ ತಗದು ನೇರ ಕೊಡ್ರಿ, ಬಲ್ಬ್ ಇಟಕೊಂಡ ಲೋಡ್ ಎಳದ್ರ ಸಪ್ಲೈ ಸುರು ಆಗೂದು ನಿಲ್ಲೂದು ಮಾಡತೈತಿ, ನೀವು ಅದನ್ನ ಫಾಲ್ಟ್ ಅಂತ ತಿಳಕೋತೀರಿ.

5 ವೋಲ್ಟ್ ಅಂದ್ರ 4.75 ರಿಂದ 5.25ರ ಒಳಗ. ಕ್ಲಾಂಪ್ ಮೀಟರಿಂದ ಡಿಸಿ ಆಂಪಿಯರ್ ನೋಡಾಕ ಹೋಗಬ್ಯಾಡ್ರಿ, ಸಾದಾ ಕ್ಲಾಂಪ್ ಎಸಿ ಅಷ್ಟ ಅಳೀತೈತಿ, ಸೊನ್ನೆ ತೋರಸತೈತಿ. ರಿಪಲ್, ಅಂದ್ರ ಡಿಸಿ ಮ್ಯಾಲೆ ಉಳಿಯೂ ಸಣ್ಣ ಅಲೆ, ನೋಡಾಕ ಮಾತ್ರ ಸ್ಕೋಪ್ ಬೇಕ ಬೇಕು, ಇದು ಹತ್ತಾರು ಸಾವಿರ ಹರ್ಟ್ಸಿನ ಮ್ಯಾಲೆ ಓಡೂ ಸಪ್ಲೈ, ಮಲ್ಟಿಮೀಟರಿಗೆ ಆ ಅಲೆ ಕಾಣಂಗಿಲ್ಲ. ಯಾರರ ಪರಿಚಯದವರ ಕಡೆ ಅರ್ಧಾ ದಿನಕ್ಕ ಎರವಲ ತಗೋರಿ.

ಇಲ್ಲೆ ನಾ ಮಾಡಿದ ಹುಚ್ಚತನ ಹೇಳಬೇಕು. ನನ್ನ 11/23 ಇದ ಲಕ್ಷಣ ತೋರಸಿತ್ತು, ಒಮ್ಮೊಮ್ಮೆ ಸುರು ಆಗತಿತ್ತು, ಹತ್ತ ನಿಮಿಷಕ್ಕ ಸತ್ತಂಗ ಆಗತಿತ್ತು. ಸಪ್ಲೈ ಕನೆಕ್ಟರಿನ್ಯಾಗ ಮೀಟರ್ ಇಟ್ಟೆ, 5.08. ಚೊಲೋನ ಐತಿ ಅಂತ ಸಪ್ಲೈನ್ನ ಮರತೆ, ಎರಡ ವಾರ ಸಿಪಿಯು ಬೋರ್ಡಿನ ಬೆನ್ನ ಹತ್ತಿದೆ, ಸೋಲ್ಡರ್ ಎಲ್ಲಾ ಹೊಳ್ಳಿ ಮಾಡಿದೆ, ಮೆಮರಿ ಬೋರ್ಡ್ ಬೈದೆ. ಒಂದ ಸಂಜಿಕಿ ಬೇಸರಾಗಿ ಎಲ್ಲಾ ಬೋರ್ಡ್ ಚುಚ್ಚೂ ಬ್ಯಾಕ್‌ಪ್ಲೇನಿನ ಮ್ಯಾಲೆನ ಮೀಟರ್ ಇಟ್ಟೆ, ಎಲ್ಲಾ ಬೋರ್ಡ್ ಹಾಕಿದ್ದಾಗ: 4.61. ಸಪ್ಲೈಯಿಂದ ಬ್ಯಾಕ್‌ಪ್ಲೇನಿಗೆ ಎರಡ ಗೇಣ ವೈರ್, ಅಷ್ಟರಾಗ ಅರ್ಧಾ ವೋಲ್ಟ್ ಎಲ್ಲಿ ಹೋತು? ಕನೆಕ್ಟರಿನ ಒಂದ ಪಿನ್ ಎಳದ್ರ ಕರ್ರಗ ಸುಟ್ಟು ಪ್ಲಾಸ್ಟಿಕ್ ಕಂದು ಆಗಿತ್ತು, ಕ್ರಿಂಪ್ ಸಡಲ. ನಿಮ್ಮ ಮೋಟರ್ ಟರ್ಮಿನಲ್ ನಟ್ ಸಡಲ ಆದ್ರ ಲಗ್ ಕರ್ರಗ ಆಗತೈತೆಲ್ಲ, ಅದ ಕತಿ. ಇದರ ಸಪ್ಲೈ 5 ವೋಲ್ಟಿನ್ಯಾಗ 36 ಆಂಪಿಯರ್ ತನಕ ಕೊಡತೈತಿ, 20 ಆಂಪಿಯರ್ ಹರಿಯೂ ದಾರ್ಯಾಗ 0.02 ಓಮ್ ಅಡ್ಡ ಬಂದ್ರೂ 0.4 ವೋಲ್ಟ್ ಅಲ್ಲೇ ಬಿತ್ತು. ಅದಕ್ಕ ಹೇಳತೀನಿ, ವೋಲ್ಟೇಜ್ ಅಳಿಯೂದು ಉಣ್ಣೋನ ತಾಟಿನ್ಯಾಗ, ಅಡಗಿಮನಿ ಗಡಗ್ಯಾಗಲ್ಲ. ಲೋಡ್ ಇದ್ದಾಗ, ಬ್ಯಾಕ್‌ಪ್ಲೇನ್ ಮ್ಯಾಲೆ.

ವೋಲ್ಟೇಜ್ ಸರಿ ಇದ್ದೂ ಮಷೀನ ಎದ್ದೇಳಂಗಿಲ್ಲ ಅಂದ್ರ ಇನ್ನೊಂದ ಐತಿ. ಸಪ್ಲೈ ಎರಡ ಸಿಗ್ನಲ್ ಕೊಡತೈತಿ, ಬಿ-ಡಿಸಿ-ಓಕೆ, ಬಿ-ಪಿ-ಓಕೆ ಅಂತ. ಮದಲನೇದು ಡಿಸಿ ನಿಂತೈತಿ ಅಂತ, ಎರಡನೇದು ಮೇನ್ಸ್ ಚೊಲೋ ಐತಿ ಅಂತ. ಮದಲನೇದು ಬಂದು ಕಮ್ಮೀತ ಕಮ್ಮಿ 70 ಮಿಲಿಸೆಕೆಂಡ್ ಆದ ಮ್ಯಾಲೆ ಎರಡನೇದು ಬರಬೇಕು, ಎರಡೂ ಬರೋ ತನಕ ಸಿಪಿಯು ಹೆಜ್ಜಿ ಎತ್ತಂಗಿಲ್ಲ. ಈ ಎರಡರಾಗ ಒಂದು ಹೊಯ್ದಾಡಿದ್ರೂ ಸಿಪಿಯು ಪದೇಪದೇ ರೀಸೆಟ್ ಆಕ್ಕೋತ ಕೂಡತೈತಿ, ನೋಡೋರಿಗೆ ಸಿಪಿಯುನ ಸತ್ತಂಗ ಕಾಣತೈತಿ. ಎರಡೂ ಪಿನ್ನಿನ ಮ್ಯಾಲೆ ಮೀಟರ್ ಇಟ್ಟು 3 ವೋಲ್ಟ್ ಮ್ಯಾಲೆ ಅಲುಗಾಡದ ನಿಂತಾವೇನ ನೋಡ್ರಿ.

ಬೋರ್ಡ್ ಹಾಕೂದು ಆಮ್ಯಾಲೆ, ಅದೂ ಎರಡ. ಸಿಪಿಯು ಮದಲನೇ ಸ್ಲಾಟಿನ್ಯಾಗ, ನಿಮ್ಮ ಮಾಡೆಲ್ಲಿಗೆ ಅದು ಎಂ8189 ಅಂತ ಇರತೈತಿ, ಹಿಡಿಕಿ ಮ್ಯಾಲೆ ಕೊರದಿರತಾರ. ಅದರ ಬಾಜೂಕ ಮೆಮರಿ. ಡಿಸ್ಕ್ ಕಂಟ್ರೋಲರ್ ಮತ್ತ ಉಳದದ್ದೆಲ್ಲಾ ಹೊರಗ. ತಗಿಯೂಕಿಂತ ಮದಲ ಯಾವ ಬೋರ್ಡ್ ಯಾವ ಸ್ಲಾಟಿನ್ಯಾಗ ಇತ್ತು, ಸಣ್ಣ ಡಿಪ್ ಸ್ವಿಚ್ ಹೆಂಗಿದ್ವು ಅಂತ ಫೋಟೋ ಹೊಡಕೋರಿ, ಯಾಕಂದ್ರ ಬೋರ್ಡುಗೋಳು ಒಂದಕ್ಕೊಂದ ಮಾತಾಡೂ ಈ ಕ್ಯೂ-ಬಸ್‌ನಾಗ ಇಂಟರಪ್ಟಿನ (ಸಿಪಿಯುನ ನಡುವ ತಡದು ಮಾತಾಡೂದರ) ಅಪ್ಪಣಿ ಒಂದ ಬೋರ್ಡಿಂದ ಮುಂದಿನ ಬೋರ್ಡಿಗೆ ಕೈಯಿಂದ ಕೈಗೆ ದಾಟತೈತಿ, ನಡುವ ಒಂದ ಸ್ಲಾಟ್ ಖಾಲಿ ಬಿಟ್ರಿ ಅಂದ್ರ ಅಲ್ಲಿಗೆ ಸರಪಳಿ ಕಡೀತು, ಆಚಿ ಕಡೆ ಇರೋ ಬೋರ್ಡ್ ಎಷ್ಟ ಚೊಲೋ ಇದ್ರೂ ಮೂಕ. ಬೋರ್ಡಿನ ಬಂಗಾರದ ಅಂಚನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತ ಮೆತ್ತನ ಅರಿವಿಂದ ವರಸ್ರಿ. ಸಾಲಿ ಮಕ್ಕಳ ರಬ್ಬರ್ ತಿಕ್ಕಬ್ಯಾಡ್ರಿ, ಬಂಗಾರದ ಪದರ ಭಾಳ ತೆಳ್ಳಗ, ಎರಡ ಸಲ ತಿಕ್ಕಿದ್ರ ತಾಮ್ರ ಕಾಣತೈತಿ.

ಈಗ ನಿಮ್ಮ ಲ್ಯಾಪ್‌ಟಾಪ್. ಯುಎಸ್‌ಬಿ ಸೀರಿಯಲ್ ವೈರ್ ಯಾವ ತರದ್ದು ಹಾಕೀರಿ ನೀವು ಬರದಿಲ್ಲ. ಮೈಕ್ರೋಕಂಟ್ರೋಲರ್ ಬೋರ್ಡಿಗೆ ಹಾಕೂ 5 ವೋಲ್ಟಿಂದು ಹಾಕಿದ್ರ ನಡಿಯಂಗಿಲ್ಲ, ಸುಟ್ಟರೂ ಸುಡತೈತಿ, ಆರ್‌ಎಸ್-232 ಅಂತ ಇರೋದ ಬೇಕು. ಮಾತಾಡೂ ವೈರ್, ಕೇಳೂ ವೈರ್ ಅದಲಬದಲ ಆಗಿರಬೇಕು, ನಲ್ ಮೋಡೆಮ್ ಅಂತಾರ. ವೇಗ 9600, ಹಿಂದಿನ ಪ್ಯಾನೆಲ್ ಮ್ಯಾಲೂ ಅಷ್ಟಕ್ಕನ ಇಟ್ಟೈತೇನು ನೋಡ್ರಿ. ಒಂದ ಚೊಲೋ ಟೆಸ್ಟ್ ಹೇಳತೀನಿ: ಮಷೀನಿನ 25 ಪಿನ್ ಕನೆಕ್ಟರಿನ್ಯಾಗ 7ನೇ ಪಿನ್ ಗ್ರೌಂಡ್, 2ನೇ ಪಿನ್ ಮಷೀನ ಮಾತಾಡೂ ಪಿನ್. ವೈರ್ ಬಿಚ್ಚಿ ಆ ಎರಡರ ನಡುವ ಮೀಟರ್ ಇಡ್ರಿ. ಸುಮ್ಮನ ಇದ್ದಾಗ ಮೈನಸ್ ವೋಲ್ಟೇಜ್ ಕಾಣಬೇಕು, 5ರ ಮ್ಯಾಲೆ. ಸೊನ್ನೆ ಇದ್ರ ಸೀರಿಯಲ್ ಡ್ರೈವರಿಗೆ ಮೈನಸ್ ಸಿಗವಲ್ದು. ಈ ಡಬ್ಬಿ ಸಪ್ಲೈ ಪ್ಲಸ್ 5, ಪ್ಲಸ್ 12 ಅಷ್ಟ ಕೊಡತೈತಿ, ಮೈನಸ್ ಬೋರ್ಡ್ ಮ್ಯಾಲೆನ ತಯಾರಾಗಬೇಕು.

ಎಲ್ಲಾ ಸರಿ ಇದ್ರ ಮುಂದಿನ ಹಾಲ್ಟ್ ಬಟನ್ ಒಳಗ ಒತ್ರಿ. ಸ್ಕ್ರೀನಿನ ಮ್ಯಾಲೆ ಆರ ಅಂಕಿ ಬಂದು, ಕೆಳಗ ಒಂದ @ ಗುರ್ತು ಬರತೈತಿ. ಆ ಒಂದ @ ನೋಡಿದ್ರಿ ಅಂದ್ರ ಪೇಡೆ ಹಂಚಾಕ ಅಡ್ಡಿ ಇಲ್ಲ, ಯಾಕಂದ್ರ ಸಿಪಿಯು ಜೀಂವಂತ ಐತಿ, ಅದರ ಹೊಟ್ಟ್ಯಾಗಿನ ಮೈಕ್ರೋಕೋಡ್ ಅನ್ನೂ ಪ್ರೋಗ್ರಾಮ್ ಮಾತಾಡಾಕ ಹತ್ತೈತಿ, ಮೆಮರಿ ಪೂರ್ತಿ ಸತ್ತಿದ್ರೂ ಇಷ್ಟು ಬರತೈತಿ. ಇಲ್ಲಿ ಎಲ್ಲಾ ಆಕ್ಟಲ್ ಲೆಕ್ಕ, 8 ಮತ್ತ 9 ಅನ್ನೂ ಅಂಕಿನ ಇಲ್ಲ. ಹಾಲ್ಟ್ ಬಟನ್ ಹೊಳ್ಳಿ ಹೊರಗ ಬಿಡ್ರಿ, 1000/ ಅಂತ ಹೊಡೀರಿ, ಆ ವಿಳಾಸದಾಗ ಏನೈತಿ ಅಂತ ತೋರಸತೈತಿ, ಅದರ ಮುಂದ ನಿಮ್ಮ ಅಂಕಿ ಹೊಡದು ಕಂಟ್ರೋಲ್ ಜೆ ಒತ್ತಿದ್ರ ಮುಂದಿನ ಮನಿಗೆ ಹೋಗತೈತಿ. 1000ದಿಂದ ಸುರು ಮಾಡಿ ಈ ಏಳು ಅಂಕಿ ತುಂಬಸ್ರಿ: 105737, 177564, 100375, 112737, 000101, 177566, 000771. ಕಡೀಕ ಎಂಟರ್ ಒತ್ತಿ, 1000 ಬರದು ಅದಕ್ಕ ಹತ್ತಿ ಕ್ಯಾಪಿಟಲ್ ಜಿ ಅಕ್ಷರ ಒತ್ರಿ. ರನ್ ಲೈಟ್ ಹತ್ತಿ ಸ್ಕ್ರೀನ್ ತುಂಬ ಇಂಗ್ಲಿಷ್ ಎ ಅಕ್ಷರ ಸುರೀತೈತಿ. ಆ ಏಳು ಅಂಕಿ ಹೇಳೂದು ಇಷ್ಟ, ಪ್ರಿಂಟ್ ಮಾಡೂ ದಾರಿ ಖಾಲಿ ಐತೇನ ನೋಡು, ಇಲ್ಲಾಂದ್ರ ಕಾಯಿ, ಖಾಲಿ ಆದ್ರ ಒಂದ ಎ ಕಳಸು, ಹೊಳ್ಳಿ ಮದಲಿಂದ. ಹಾಲ್ಟ್ ಒತ್ತಿದ್ರ ನಿಲ್ಲತೈತಿ.

ಮೆಮರಿ ಮ್ಯಾಲೆ ಸಂಶೆ ಬಂದ್ರ ಒಂದ ವಿಳಾಸಕ್ಕ 177777 ಬರದು ಹೊಳ್ಳಿ ಓದ್ರಿ. 177677 ಅಂತ ಬಂತು ಅಂದ್ಕೋರಿ, ನೂರರ ಮನಿ ಒಂದ ಕಮ್ಮಿ, ಅಂದ್ರ ಸೊನ್ನೆಯಿಂದ ಎಣಿಸಿದ್ರ 6ನೇ ಬಿಟ್ ಮ್ಯಾಲೆ ಏಳವಲ್ದು. ಒಂದೊಂದ ಚಿಪ್ ಒಂದೊಂದ ಬಿಟ್ ಹಿಡೀತೈತಿ, ಡಯಾಗ್ರಾಮ್ ನೋಡಿ ಆ ಬಿಟ್ಟಿನ ಚಿಪ್ ಅಷ್ಟ ತಗೀರಿ. ಐಸಿ ಬದಲ ಮಾಡೂದು ಅಂದ್ರಲ್ಲ, ಅದರ ಪಾಳಿ ಈಗ ಬಂತು, ಅದೂ ಒಂದ ಚಿಪ್, ಹೆಸರ ಹಿಡದು. ಬಿಚ್ಚಿದ ಜಾಗಾಕ್ಕ ಸಾಕೆಟ್ ಹಾಕ್ರಿ.

ಹಾರ್ಡ್‌ಡಿಸ್ಕ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳತೀನಿ: ಅದಕ್ಕ ಇನ್ನೂ ಪವರ್ ಕೊಡಬ್ಯಾಡ್ರಿ. ಆರ್‌ಡಿ53 ಅಂತ ಇದ್ರ ಒಳಗಿನ ರಬ್ಬರ್ ಕರಗಿ ಹೆಡ್ ಅಂಟಕೊಂಡಿರೋದು ಭಾಳ. ಯಾವದ ಇದ್ರೂ ಅದರಾಗ ಏನರ ಉಳದಿದ್ರ ಮದಲ ನಕಲ ತಗಿಯೂಣು, ಬೀಗಲ್‌ಬೋನ್ ಅನ್ನೂ ಸಣ್ಣ ಕಂಪ್ಯೂಟರ್ ಬೋರ್ಡಿನ ಮ್ಯಾಲೆ ಕೂಡ್ರೂ ಎಂಎಫ್‌ಎಂ ಬೋರ್ಡ್ ಅಂತ ಬರತೈತಿ, ಅದರಿಂದ ಓದಬೌದು. ಅಲ್ಲೀತನಕ ಡಿಸ್ಕ್ ಇಲ್ಲದನ ಮಷೀನ ನಡಸ್ರಿ, ನಿಮ್ಮ ಲ್ಯಾಪ್‌ಟಾಪಿನ್ಯಾಗ ಟಿಯು58 ಅನ್ನೂ ಟೇಪ್ ಡ್ರೈವಿನ ವೇಷ ಹಾಕೂ ಎಮ್ಯುಲೇಟರ್ ಹಾಕಿ ಎರಡನೇ ಸೀರಿಯಲ್ ಲೈನಿಗೆ ಜೋಡಿಸಿದ್ರ ಮಷೀನ ಅದನ್ನ ಟೇಪ್ ಅಂತ ನಂಬಿ ಆರ್‌ಟಿ-11 ಅನ್ನೂ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡತೈತಿ. ಕೈ ಪಳಗಸಾಕ ಸಿಮ್‌ಎಚ್ ಅನ್ನೂ ಸಾಫ್ಟ್‌ವೇರ್‌ನಾಗ ಇದ ಪಿಡಿಪಿ-11ನ್ನ ಲ್ಯಾಪ್‌ಟಾಪ್ ಮ್ಯಾಲೆನ ಓಡಿಸಿ ನೋಡ್ರಿ, ಡಿಜಿಟಲ್‌ನಾಗ ಕೆಲಸ ಮಾಡಿದ ಬಾಬ್ ಸಪ್ನಿಕ್ ಅವರು ಮಾಡಿದ್ದು, ಏನ ತಪ್ಪ ಮಾಡಿದ್ರೂ ಹೊಗಿ ಬರಂಗಿಲ್ಲ.

ಮತ್ತ ಚೌಕ ಅಲೆ ಕೊಡೂ ಮನಿ ಇನ್ವರ್ಟರ್ ಮ್ಯಾಲೆ ಇದನ್ನ ನಡಸಬ್ಯಾಡ್ರಿ, ಕರೆಂಟ್ ಹೋದ್ರ ಹೋಗಲಿ, ಚಾ ಕುಡದು ಬರ್ರಿ. ಅರ್ಥಿಂಗ್ ಮಾತ್ರ ಪಕ್ಕಾ ಇರಲಿ, ಮೆಗ್ಗರ್ ಬೇಕಾದ್ರ ಮನಿ ವೈರಿಂಗಿನ ಇನ್ಸುಲೇಶನ್ ನೋಡಾಕ ಅಷ್ಟ ಹೊರಗ ತಗೀರಿ, ಅದೂ ಮಷೀನ ಪ್ಲಗ್ ಬಿಚ್ಚಿಟ್ಟು.

ಇಷ್ಟಾದ ಮ್ಯಾಲೆ ಮೂರ ರೀಡಿಂಗ್ ಬರದ ಕಳಸ್ರಿ: ಎರಡ ಬೋರ್ಡ್ ಹಾಕಿದಾಗ ಬ್ಯಾಕ್‌ಪ್ಲೇನ್ ಮ್ಯಾಲೆ 5 ವೋಲ್ಟ್ ಎಷ್ಟ ಐತಿ, ಬಿ-ಪಿ-ಓಕೆ ಎಷ್ಟ, ಸೀರಿಯಲ್ 2ನೇ ಪಿನ್ ಎಷ್ಟ. ಜೋಡಿ ಡಿಪ್ ಸ್ವಿಚ್ ಫೋಟೋ ಇರಲಿ, ಬೆಳಕಿನ್ಯಾಗ ತಗೀರಿ, ಹ್ವಾದ ಸಲ ಕಳಸಿದ್ದರಾಗ ನಿಮ್ಮ ಹೆಬ್ಬಟ್ಟ ಅಷ್ಟ ಕಾಣತಿತ್ತು.